ಫ್ಯಾನಿನ ಪಿಲ್ನಾಮ್

ಗಂಡನನ್ನು ಫ್ಯಾನು ಹಾಕಿ ಕೊಂದವಳು ಎಂದು ದೇಗು ನಗರದ ಗ್ಯೋದೊಂಗ್ ಮಾರುಕಟ್ಟೆ ಯಾರ ಬಗ್ಗೆ ಆಡಿಕೊಳ್ಳುತ್ತಿತ್ತೋ, ಆ ಹೆಂಗಸು ಅದೇ ಮಾರುಕಟ್ಟೆಯಲ್ಲಿ, ಆಡಿಕೊಳ್ಳುವವರ ಕಣ್ಣೆದುರಿಗೇ, ಫ್ಯಾನು ರಿಪೇರಿಯ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಕೂತಿದ್ದಳು. ನಾನು ಅವಳ ಎದುರಿಗೆ ಗಾಡಿ ಹಾಕಿಕೊಂಡು ಕಾವಲಿಯ ಮೇಲೆ ಚಪ್ಪಟೆ ಕಡುಬು ಬೇಯಿಸುವವಳು. ಗಟ್ಟಿಗಿತ್ತಿ ಅನ್ನಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಬಹಳ ಜನರ ಗಟ್ಟಿತನ ಬಾಯಲ್ಲೇ ಮುಗಿಯುತ್ತದೆ. ಇವಳದು ಹಾಗಲ್ಲ, ಅದಕ್ಕೇ ಇವಳ ಕಥೆ ಹೇಳುತ್ತಿರುವುದು.

ಹೆಸರು ಪಿಲ್ನಾಮ್. ನಾಲ್ಕನೆಯದೂ ಹೆಣ್ಣಾಯಿತಲ್ಲ, ಮುಂದಿನದಾದರೂ ಖಂಡಿತ ಗಂಡಾಗಲಿ ಅಂತ ಅವಳಪ್ಪ ಸಿಟ್ಟಿನಲ್ಲಿ ಇಟ್ಟ ಹೆಸರು. "ನನ್ನ ಹೆಸರು ನನ್ನದಲ್ಲ ಕಣೇ, ಹುಟ್ಟದೇ ಇರೋ ತಮ್ಮನಿಗೆ ಕಳಿಸಿದ ಕರೆಯೋಲೆ" ಅಂತ ಅವಳೇ ನಗುತ್ತಿದ್ದಳು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು, ಅದಕ್ಕೆ ನನ್ನ ಬಾಯಲ್ಲಿ ಅಕ್ಕ. ಮಾರುಕಟ್ಟೆಯ ಬಾಯಲ್ಲಿ ಫ್ಯಾನಿನ ಪಿಲ್ನಾಮ್.

ಮುಚ್ಚಿದ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಮಲಗಿದವರು ಏಳುವುದಿಲ್ಲ ಅನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಫ್ಯಾನು ಕೋಣೆಯಲ್ಲಿರುವ ಉಸಿರನ್ನೆಲ್ಲ ತಿಂದು ಹಾಕುತ್ತದಂತೆ. ಅಲ್ಲ, ಮೈಯ ಕಾವನ್ನು ಹೀರಿಬಿಡುತ್ತದಂತೆ. ಹೇಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಸಾವಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಹಾಗಾಗಿ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟು, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುವ ಹಾಗೆ ಫ್ಯಾನಿನ ಕೀಲಿ ತಿರುಗಿಸಿ ಮಲಗುತ್ತೇವೆ. ಬಿಸಿಲಿಗೆ ದೇಶದಲ್ಲೇ ಹೆಸರಾದ ನಮ್ಮ ದೇಗುವಿನಲ್ಲೂ ಹಾಗೇ, ಬೆವರು ಸುರಿಯಲಿ ಬಿಡಲಿ.

ಪಿಲ್ನಾಮಳ ಗಂಡ ದೊಕ್ಸು ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಒಂದು ಬೇಸಿಗೆಯ ಬೆಳಿಗ್ಗೆ ಮನೆಗೆ ಬಂದವನು ಬೀದಿಯ ಗದ್ದಲ ಬೇಡವೆಂದು ಬಾಗಿಲು ಕಿಟಕಿ ಎರಡನ್ನೂ ಹಾಕಿಸಿ ಮಲಗಿದ. ಆಗ ಪಿಲ್ನಾಮ್ ಬಸುರಿ. ಗಂಡ ಬೆವರುತ್ತಾನಲ್ಲ ಅಂತ ಕಾಲ ಹತ್ತಿರ ಫ್ಯಾನು ಇಟ್ಟು, ಗುಂಡಿ ಒತ್ತಿ, ಬಾಗಿಲೆಳೆದುಕೊಂಡು ಹೊರಗೆ ಬಂದಳು. ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಮೂವತ್ತೊಂದು ವರ್ಷದ ಆಳು, ಒಂದು ದಿನ ಜ್ವರ ಅಂತ ಮಲಗಿದವನಲ್ಲ. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

ಅತ್ತೆಗೆ ಅವನೊಬ್ಬನೇ ಮಗ. ಚೊಂಗ್ಸೊಂಗ್ ಕಡೆಯ ಬೆಟ್ಟದೂರಿನಿಂದ ಬಂದವಳಾದ್ದರಿಂದ ಎಲ್ಲರೂ ಅವಳನ್ನು ಚೊಂಗ್ಸೊಂಗ್ ಅಜ್ಜಿ ಅನ್ನುತ್ತಿದ್ದರು. ಅಜ್ಜಿಯ ಗಂಡ ಯುದ್ಧದಲ್ಲಿ ಹೋದವನು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಒಬ್ಬರಲ್ಲ ಒಬ್ಬರು ಹೋದವರೇ, ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಮಗನ ಹೆಣ ನೋಡಿದ ಅಜ್ಜಿ ಆ ಫ್ಯಾನನ್ನು ಎರಡು ಕೈಯಲ್ಲಿ ಎತ್ತಿ ಅಂಗಳಕ್ಕೆ ಒಗೆದಳು. ನೆರೆಹೊರೆಯವರೆಲ್ಲ ಸೇರಿದ್ದಾಗ ಸೊಸೆಯ ಮುಖಕ್ಕೆ ಹೇಳಿದಳು: "ನಿನ್ನ ಕೈಯಾರೆ ಗುಂಡಿ ಒತ್ತಿದೆಯಲ್ಲೇ." ಆ ಮಾತು ಅಂಗಳ ದಾಟಿ ಬೀದಿಗೆ ಬಂತು, ಬೀದಿ ದಾಟಿ ಮಾರುಕಟ್ಟೆಗೆ ಬಂತು, ಇಲ್ಲೇ ಬೇರು ಬಿಟ್ಟಿತು.

ಇನ್ನೊಬ್ಬಳಾಗಿದ್ದರೆ ತವರಿಗೆ ಹೋಗಿ ಮೂಲೆ ಹಿಡಿಯುತ್ತಿದ್ದಳು. ಪಿಲ್ನಾಮ್ ಮಣ್ಣು ಮುಗಿದ ಮೂರನೆಯ ದಿನ ಅಂಗಳದಲ್ಲಿ ಬಿದ್ದಿದ್ದ ಫ್ಯಾನಿನ ಚೂರುಗಳನ್ನು ಲಂಗದಲ್ಲಿ ಆರಿಸಿಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಗ್ಯೋದೊಂಗಿನ ರೇಡಿಯೋ ರಿಪೇರಿಯವನ ಮುಂದೆ ಸುರಿದಳು. "ಇದರಲ್ಲಿ ಸಾಯಿಸೋ ಭಾಗ ಯಾವುದು? ತೋರಿಸು" ಅಂದಳು. ಅವನು ಬೆಪ್ಪಾಗಿ ಬಿಚ್ಚಿ ತೋರಿಸಿದ. ತಾಮ್ರದ ತಂತಿಯ ಸುರುಳಿ, ನಡುವೆ ಒಂದು ಕಡ್ಡಿ, ಎಣ್ಣೆ ಕುಡಿಯುವ ಒಂದು ಬಳೆ, ಮೂರು ರೆಕ್ಕೆ.

"ಇಷ್ಟೇನಾ?"

"ಇಷ್ಟೇ ಕಣಮ್ಮ."

"ಹಾಗಾದ್ರೆ ಜೋಡಿಸೋದು ಕಲಿಸು."

ಹೀಗೆ ಕಲಿತಳು. ಮಗಳು ಬೋರಾ ಹುಟ್ಟಿ, ಬೆನ್ನಿಗೆ ಕಟ್ಟಿಸಿಕೊಂಡು, ಸೀಸ ಕಾಯಿಸುವ ವಾಸನೆಯಲ್ಲೇ ಬೆಳೆದಳು. ಕಲಿಸಿದವನು ಮುದುಕನಾಗಿ ಅಂಗಡಿ ಬಿಟ್ಟಮೇಲೆ ಮೆಟ್ಟಿಲ ಕೆಳಗಿನ ಅವನ ಗೂಡಂಗಡಿ ಇವಳದಾಯಿತು. ಮೊದಲು ಟೇಬಲ್ ಫ್ಯಾನುಗಳು. ಆಮೇಲೆ ಮಾರುಕಟ್ಟೆಗೆ ಕಂಪ್ಯೂಟರುಗಳು ಬಂದವು. ಅವಕ್ಕೂ ಹೊಟ್ಟೆಯಲ್ಲಿ ಒಂದು ಫ್ಯಾನು ಇರುತ್ತದೆ ಅಂತ ತಿಳಿದ ದಿನ ಅವಳು ಕುಣಿಯುವುದೊಂದು ಬಾಕಿ. "ನೋಡಿದೆಯಾ, ಇಷ್ಟು ದೊಡ್ಡ ಜಾಣ ಪೆಟ್ಟಿಗೆ, ಇದಕ್ಕೂ ಫ್ಯಾನಿಲ್ಲದಿದ್ರೆ ಬದುಕೋಕಾಗಲ್ಲ" ಅಂದಳು.

ಕಂಪ್ಯೂಟರಿನ ಹಿಂಬದಿಯ ಮೂಲೆಯಲ್ಲಿ ಒಂದು ತಗಡಿನ ಡಬ್ಬ ಇರುತ್ತದೆ, ಪವರ್ ಸಪ್ಲೈ ಅಂತ. ಗೋಡೆಯ ಕರೆಂಟನ್ನು ತಗ್ಗಿಸಿ ಒಳಗಿನವರಿಗೆಲ್ಲ ಅವರವರ ಅಳತೆಗೆ ಬಡಿಸುವುದು ಅದರ ಕೆಲಸ. ಬಡಿಸಿ ಬಡಿಸಿ ಅದರ ಮೈ ಕಾಯುತ್ತದೆ. ಆ ಕಾವನ್ನು ಹೊರಗೆ ತಳ್ಳುವುದಕ್ಕೆ ಅದರೊಳಗೇ ಅಂಗೈಯಗಲದ ಒಂದು ಫ್ಯಾನು. ಡಬ್ಬದ ಬೆನ್ನಿಗೆ, ಯಾವ ಕರೆಂಟಿಗೆ ಅಂತ ಹೊಂದಿಸುವ ಒಂದು ಕೆಂಪು ಗುಂಡಿ. ನಮ್ಮ ಕರೆಂಟು ನೂರಾಹತ್ತು ವೋಲ್ಟಿನಿಂದ ಇನ್ನೂರಿಪ್ಪತ್ತಕ್ಕೆ ಏರಿದ ವರ್ಷಗಳಲ್ಲಿ ಆ ಗುಂಡಿಯನ್ನು ಸರಿಸಲು ಮರೆತು ಢಂ ಅನ್ನಿಸಿಕೊಂಡು ಬಂದವರೇ ಅಕ್ಕನ ಹೊಟ್ಟೆ ಹೊರೆದದ್ದು. ಹೊಸ ಕಂಪ್ಯೂಟರು ಯಾರಾದರೂ ತಂದರೆ ಮೂಗು ಮುರಿದು ಎದುರು ಸಾಲಿಗೆ ಅಟ್ಟುತ್ತಿದ್ದಳು. ಹಳೆಯ ಡಬ್ಬ ಬಂದರೆ ಫ್ಯಾನಿನ ನಡುವೆ ಅಂಟಿಸಿದ ಚೀಟಿ ಸುಲಿದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಫ್ಯಾನನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದಳು.

ಅತ್ತೆ ಸೊಸೆ ಬೇರೆಯಾಗಲಿಲ್ಲ. ಅದೊಂದು ನನಗೆ ತಲೆಗೇ ಹೋಗುತ್ತಿರಲಿಲ್ಲ. ಎರಡು ಕೋಣೆಯ ಮನೆ. ಒಂದರಲ್ಲಿ ಅಜ್ಜಿ ಬಾಗಿಲು ಹಾರುಹೊಡೆದು, ಬೀಸಣಿಗೆ ಬೀಸಿಕೊಂಡು ಬೆವರುತ್ತಾ ಮಲಗುವುದು. ಇನ್ನೊಂದರಲ್ಲಿ ಇವಳು ಬಾಗಿಲು ಹಾಕಿ, ಅದೇ ಹಳೆ ಫ್ಯಾನನ್ನು ಮುಖಕ್ಕೆ ತಿರುಗಿಸಿಕೊಂಡು ಮಲಗುವುದು. ಬೋರಾಳನ್ನು ಮಾತ್ರ ಅಜ್ಜಿ ತನ್ನ ಪಕ್ಕದಲ್ಲೇ ಮಲಗಿಸಿಕೊಂಡು ಬೆಳೆಸಿದಳು. ಆ ಹುಡುಗಿ ಮದುವೆಯಾಗಿ ಪೊಹಾಂಗಿಗೆ ಹೋದಮೇಲೆ ಊಟದ ಹೊತ್ತಿನಲ್ಲಿ ಇಬ್ಬರ ಮಧ್ಯೆ ಉಪ್ಪು ಕೊಡು, ಸಾರು ಬಿಸಿಮಾಡು ಅನ್ನುವುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ.

"ಯಾಕಕ್ಕ ಈ ಕರ್ಮ? ಬೇರೆ ಮನೆ ಮಾಡಬಾರದಾ?" ಅಂತ ಕೇಳಿದೆ ಒಂದು ದಿನ.

"ಮಾಡಬಹುದು. ಮಾಡಿದ್ರೆ, ತಪ್ಪು ಮಾಡಿದೋಳು ಹೊರಟುಹೋದ್ಲು ಅಂತಾರೆ. ನಾನ್ಯಾಕೆ ಹೋಗ್ಲಿ? ದಿನಾ ಬೆಳಿಗ್ಗೆ ಅವರ ಕಣ್ಣೆದುರು ಬದುಕಿ ಏಳ್ತೀನಲ್ಲ, ಅಷ್ಟು ಸಾಕು ನನಗೆ."

ಅವಳು ಬದುಕಿ ಏಳುವುದನ್ನು ಮಾರುಕಟ್ಟೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಎಲ್ಲರೂ ಮಲಗಿದ ಮೇಲೆ ಕಿಟಕಿ ತೆಗೀತಾಳೆ ಬಿಡ್ರಿ, ಯಾರು ನೋಡಿದಾರೆ" ಅನ್ನುತ್ತಿದ್ದಳು ಹ್ವಾಜಾ. ಹ್ವಾಜಾ ಅಂದರೆ ನಮ್ಮ ಅಧ್ಯಕ್ಷರ ಹೆಂಡತಿ. ಅಧ್ಯಕ್ಷರು ಅಂದರೆ ಮೊಹರಿನ ಅಂಗಡಿಯ ತಾಕ್. ಮೇಲಿನ ಮಹಡಿಯಲ್ಲಿ, ಸಹಿಯ ಬದಲು ಒತ್ತುವ ಹೆಸರಿನ ಮೊಹರು ಕೊರೆಯುವ ಅಂಗಡಿ ಅವನದು. ಅಂಗಡಿಕಾರರ ಸಂಘಕ್ಕೂ ಅವನೇ ಅಧ್ಯಕ್ಷ. ಮೆಟ್ಟಿಲ ಕೆಳಗಿನ ಗೂಡುಗಳೆಲ್ಲ ಸಂಘದವು, ಯಾರು ಇರಬೇಕು ಯಾರು ಏಳಬೇಕು ಅನ್ನುವುದು ಅವನ ಬಾಯಲ್ಲಿತ್ತು.

ತಾಕನ ಮೊಹರು ಕೊರೆಯುವ ಯಂತ್ರಕ್ಕೆ ನಮ್ಮ ದೇಶದಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಕೊಂಡ ಒಂದು ಕಂಪ್ಯೂಟರು ಜೊತೆಗಾರ. ಹಲ್ಲಿನ ಬಣ್ಣಕ್ಕೆ ತಿರುಗಿದ ಪೆಟ್ಟಿಗೆ. ಅದು ಹೇಳಿದರೆ ಮಾತ್ರ ಯಂತ್ರ ಕೇಳುತ್ತಿತ್ತು, ಹೊಸ ಕಂಪ್ಯೂಟರು ತಂದು ಕೂರಿಸಿದರೆ ಕ್ಯಾರೇ ಅನ್ನುತ್ತಿರಲಿಲ್ಲ. ಹಾಗಾಗಿ ಆ ಪೆಟ್ಟಿಗೆಯ ಜೀವ ಅಕ್ಕನ ಕೈಯಲ್ಲಿತ್ತು. ಈ ಕಥೆಯ ಬೇಸಿಗೆ ಶುರುವಾಗುವ ಹೊತ್ತಿಗೆ ಅದರ ಫ್ಯಾನು ಕಿರುಗುಟ್ಟಿ ಸತ್ತಿತ್ತು. ಅಕ್ಕ ತನ್ನ ಸಂಗ್ರಹದಿಂದ ಅದೇ ಕಾಲದ, ಆದರೆ ಜೋರಾಗಿ ಬೀಸುವ ಇನ್ನೊಂದು ಫ್ಯಾನು ಹುಡುಕಿ ಹಾಕಿಕೊಟ್ಟಳು.

ತಾಕನಿಗೆ ಮಧ್ಯಾಹ್ನ ಉಂಡ ಮೇಲೆ ನಿದ್ದೆ ಬೇಕು. ಯಂತ್ರಕ್ಕೆ ಒಂದು ರಾಶಿ ಮೊಹರು ಒಪ್ಪಿಸಿ, ಬಾಗಿಲು ಹಾಕಿ, ಬೀದಿಯ ಧೂಳು ಬರಬಾರದೆಂದು ಕಿಟಕಿಯನ್ನೂ ಹಾಕಿ, ಚಾಪೆ ಬಿಡಿಸುತ್ತಿದ್ದ. ಚಾಪೆಯ ತಲೆದೆಸೆಗೆ ಸರಿಯಾಗಿ ಕಂಪ್ಯೂಟರಿನ ಬೆನ್ನು. ಹೊಸ ಫ್ಯಾನು ಬಂದಮೇಲೆ ಗಂಡನ ನೆತ್ತಿಯ ನಾಲ್ಕು ಕೂದಲು ಅಲ್ಲಾಡುವುದನ್ನು ಹ್ವಾಜಾ ನೋಡಿದಳು. ಅವಳ ಎದೆ ಧಸಕ್ಕೆಂದಿತು. ಗಂಡನಿಗೆ ಹೇಳಿದರೆ ನಗುತ್ತಾನೆ, ಯಂತ್ರ ನಿಲ್ಲಿಸಿದರೆ ಬೈಯುತ್ತಾನೆ. ಅವಳು ಬೇರೆ ಉಪಾಯ ಮಾಡಿದಳು, ಅದು ಏನು ಅಂತ ನಮಗೆ ತಿಳಿದದ್ದು ಆಮೇಲೆ.

ಜುಲೈ ಕೊನೆಯ ಒಂದು ಮಧ್ಯಾಹ್ನ. ಕಾವಲಿಯ ಮುಂದೆ ನಿಲ್ಲಲಾಗದೆ ನಾನು ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡಿದ್ದೆ. ಮೇಲಿನಿಂದ ಹ್ವಾಜಾ ಚೀರಿದಳು. ನಾವು ಓಡಿಹೋದಾಗ ಮೊಹರಿನ ಅಂಗಡಿಯ ಬಾಗಿಲ ಸಂದಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಒಳಗೆ ನುಗ್ಗಿ ತಾಕನನ್ನು ಕೈಕಾಲು ಹಿಡಿದು ಎಳೆದು ತಂದೆವು. ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿದ್ದ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಉಳಿಸಿ ಮರುದಿನ ಮನೆಗೆ ಕಳಿಸಿದರು. ಅಷ್ಟರಲ್ಲಿ ಹ್ವಾಜಾ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡು ಇಡೀ ಮಾರುಕಟ್ಟೆಯನ್ನು ಸೇರಿಸಿದ್ದಳು.

"ಅವಳ ಫ್ಯಾನು ಕಣ್ರೋ! ತನ್ನ ಗಂಡನ್ನ ತಿಂದಿದ್ದು ಸಾಲದು ಅಂತ ನನ್ನ ಗಂಡನ್ನೂ ತಿನ್ನೋಕೆ ನೋಡಿದ್ಲು!"

ತಾಕ್ ಬಂದವನು, ಗಂಟಲು ಕಟ್ಟಿಹೋದ ದನಿಯಲ್ಲಿ, ಅಕ್ಕನ ಮುಖ ನೋಡದೆ ಹೇಳಿದ: "ಪಿಲ್ನಾಮಮ್ಮ, ಜನ ಹೆದರಿದಾರೆ. ಈ ತಿಂಗಳು ಮುಗಿಯೋದ್ರೊಳಗೆ ಗೂಡು ಖಾಲಿ ಮಾಡಿಬಿಡಿ."

ಅಕ್ಕ ಸೀದಾ ಮೇಲೆ ಹೋಗಿ ಆ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು, ಎಲ್ಲರಿಗೂ ಕಾಣಲಿ ಅಂತ ನನ್ನ ಗಾಡಿಯ ಮೇಲೇ ಇಟ್ಟಳು. ತಿರುಪು ಬಿಚ್ಚಿ ತಗಡಿನ ಡಬ್ಬವನ್ನು ಹೊರಗೆ ತೆಗೆದಳು. ಒಳಗೆಲ್ಲ ಮಸಿ. ಫ್ಯಾನಿನ ರೆಕ್ಕೆಗಳು ಒಂದು ಕಡೆ ಕರಗಿ ಒಂದಕ್ಕೊಂದು ಅಂಟಿದ್ದವು. ಆ ರೆಕ್ಕೆಗಳ ನಡುವೆ, ಜಾಲರಿಯ ಸಂದಿಯಿಂದ ತೂರಿಸಿದ ಒಂದು ಮರದ ಕಡ್ಡಿ ಸಿಕ್ಕಿಕೊಂಡಿತ್ತು, ತುದಿ ಸುಟ್ಟು ಇದ್ದಿಲಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ. ನನ್ನ ಗಾಡಿಯಲ್ಲಿ ಕಡುಬು ತಿನ್ನಲು ಕೊಡುವ ಜೋಡಿ ಕಡ್ಡಿಗಳಲ್ಲಿ ಒಂದು.

"ಇದನ್ನ ಯಾರು ಹಾಕಿದ್ದು?" ಅಂದಳು ಅಕ್ಕ.

ಹ್ವಾಜಾ ಮುಚ್ಚಿಡಲಿಲ್ಲ. ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟಳು. "ನಾನೇ ಹಾಕಿದ್ದು! ಏನೀಗ? ದಿನಾ ಅವರಿಗೆ ಕಣ್ಣು ಹತ್ತಿದ ಮೇಲೆ ಹಾಕ್ತಿದ್ದೆ, ಏಳೋ ಹೊತ್ತಿಗೆ ತೆಗೀತಿದ್ದೆ. ಅದಕ್ಕೇ ಇಷ್ಟು ದಿನ ಬದುಕಿದ್ರು. ನಿನ್ನೆ ತರಕಾರಿ ತರೋಕೆ ಹೋಗಿ ತಡ ಆಯ್ತು. ನಿನ್ನ ಫ್ಯಾನು ತಲೆ ಮೇಲೆ ಬೀಸ್ತಿದ್ರೆ ನಾನು ಸುಮ್ನೆ ಕೂರ್ಬೇಕಿತ್ತಾ?"

ಈಗ ಎಲ್ಲ ಸ್ಪಷ್ಟವಾಯಿತಲ್ಲ, ಇನ್ನು ಜನ ಹ್ವಾಜಾಳಿಗೆ ಉಗಿಯುತ್ತಾರೆ ಅಂತ ನಾನು ಕಾದೆ. ಅವರು ತಲೆಯಾಡಿಸುತ್ತಿದ್ದರು! ಪಾಪ, ಕಟ್ಟಿಕೊಂಡವಳು ಇನ್ನೇನು ಮಾಡ್ತಾಳೆ ಅಂದಳು ಬಟನ್ ಮಾರುವವಳು. ಕಡ್ಡಿ ಇಲ್ಲದಿದ್ರೆ ಯಾವತ್ತೋ ಹೋಗಿಬಿಡ್ತಿದ್ರು ಅಂದ ವಾಚಿನವನು. ಫ್ಯಾನು ನಿಂತದ್ದರಿಂದಲೇ ಡಬ್ಬ ಸುಟ್ಟಿತು ಅನ್ನುವುದನ್ನು ಕಣ್ಣಾರೆ ಕಂಡೂ, ತಪ್ಪು ಫ್ಯಾನಿನದೇ ಅಂದರು. ನಾನು ಕೈಯಲ್ಲಿದ್ದ ಹಿಟ್ಟಿನ ಸೌಟನ್ನು ಯಾರ ತಲೆಗೆ ಕುಕ್ಕಲಿ ಅಂತ ನೋಡುತ್ತಿದ್ದೆ.

ಅಕ್ಕ ಸುಟ್ಟ ಕಡ್ಡಿಯನ್ನು ಹ್ವಾಜಾಳ ಕೈಗೆ ಕೊಟ್ಟು, ತಾಕನ ಕಡೆ ತಿರುಗಿದಳು.

"ಅಧ್ಯಕ್ಷರೇ, ನಾಳಿದ್ದರೊಳಗೆ ಈ ಡಬ್ಬಕ್ಕೆ ಜೀವ ತುಂಬ್ತೀನಿ. ನಿಮ್ಮ ಮೊಹರಿನ ಕೆಲಸ ನಿಂತಿದೆ, ನಿಮಗೂ ಬೇಕು. ನಾಳಿದ್ದು ಮಧ್ಯಾಹ್ನ ನಿಮ್ಮ ಕೋಣೇಲಿ, ನಿಮ್ಮ ಚಾಪೆ ಮೇಲೆ, ನಾನು ಮಲಗ್ತೀನಿ. ಬಾಗಿಲು ಹಾಕಿ, ಕಿಟಕಿ ಹಾಕಿ, ಸಂದಿಗೆ ಬೇಕಾದ್ರೆ ಟೇಪು ಹಚ್ಚಿ. ಇದರ ಫ್ಯಾನೂ ಓಡಲಿ. ಇದು ಚಿಕ್ಕದು ಅಂತೀರೋ, ದೊಕ್ಸುನ ಕಾಲ ಹತ್ರ ಇಟ್ಟಿದ್ನಲ್ಲ, ಆ ಫ್ಯಾನನ್ನೂ ತಂದು ಇಡ್ತೀನಿ. ಎಲ್ಲರೂ ಹೊರಗೆ ನಿಂತು ಕಾಯಿರಿ. ಸತ್ರೆ ಗೂಡು ತಗೊಳ್ಳಿ. ಎದ್ರೆ, ಗೂಡೂ ನನ್ನದು. ಗಂಡನ್ನ ಕೊಂದೋಳು ಅನ್ನೋ ಮಾತನ್ನ ಇನ್ಮೇಲೆ ಈ ಮಾರುಕಟ್ಟೇಲಿ ಒಂದು ಬಾಯಿ ಆಡಕೂಡದು. ಒಪ್ಪಿಗೇನಾ?"

ತಾಕ್ ಹೆಂಡತಿಯನ್ನು ನೋಡಿದ, ಜನರನ್ನು ನೋಡಿದ. ಬೇಡ ಅಂದರೆ ಫ್ಯಾನು ಕೊಲ್ಲುತ್ತದೆ ಅನ್ನುವುದನ್ನು ತಾನೇ ನಂಬಿಲ್ಲ ಅಂದ ಹಾಗೆ, ಹೂಂ ಅಂದರೆ ಹೆಣಕ್ಕೆ ಹೊಣೆ. ಕೊನೆಗೆ ಒಪ್ಪಿದ. ಅಷ್ಟು ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದಾಗ ಅವನಾದರೂ ಏನು ಮಾಡಿಯಾನು.

ಆ ದಿನ ಬಂತು. ಬಿಸಿಲಿಗೆ ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಕ್ಕ ನನ್ನ ಗಾಡಿಯ ಮುಂದೆ ನಿಂತು ಎರಡು ತಟ್ಟೆ ಕಡುಬು ತಿಂದಳು, ಮೇಲೆ ಖಾರದ ಸೋಯಾ ಸಾರು ಸುರಿಸಿಕೊಂಡು.

"ಹೆಣಕ್ಕೆ ಉಡಿಸೋ ಬಟ್ಟೆ ತಂದಿದೀಯೇನಮ್ಮ?" ಅಂತ ವಾಚಿನವನು ಹಲ್ಲು ಕಿರಿದ.

"ನಿನ್ನ ಅಳತೆ ಕೊಡು, ನಿನಗೇ ಒಂದು ಜೊತೆ ಹೊಲಿಸ್ತೀನಿ" ಅಂದಳು ಅಕ್ಕ, ತಿನ್ನುವುದನ್ನು ನಿಲ್ಲಿಸದೆ.

ನಾನು ನಂಬುವುದಿಲ್ಲ ಅಂತ ಎಷ್ಟು ಹೇಳಿದರೂ, ಹುಟ್ಟಿದಾಗಿನಿಂದ ಕೇಳಿದ್ದು ಎಲ್ಲಿ ಹೋಗುತ್ತದೆ? ಅವಳ ತೋಳು ಹಿಡಿದು, "ಕಿಟಕಿ ಒಂದು ಬೆರಳಷ್ಟು ತೆಗೆದಿಡಕ್ಕ, ಯಾರಿಗೂ ಕಾಣಲ್ಲ" ಅಂದೆ. ಅವಳು ನನ್ನ ಕೈ ಕೊಡವಿ ಮೆಟ್ಟಿಲು ಹತ್ತಿದಳು.

ಕಂಪ್ಯೂಟರಿಗೆ ಜೀವ ಬಂದಿತ್ತು. ಗುಂಡಿ ಒತ್ತಿದ ಕೂಡಲೇ ಡಬ್ಬದ ಫ್ಯಾನು ಸುಯ್ಯೆಂದು ಎದ್ದಿತು. ಮೊಹರಿನ ಯಂತ್ರ ಹಲ್ಲು ಮಸೆಯುವ ಹಾಗೆ ಕೊರೆಯತೊಡಗಿತು. ಕಾಲ ಬಳಿ ಆ ಹಳೆಯ ಟೇಬಲ್ ಫ್ಯಾನು, ಒಂದು ರೆಕ್ಕೆಗೆ ತಂತಿಯ ಕಟ್ಟು. ಹ್ವಾಜಾ ತಾನೇ ಮುಂದೆ ಬಂದು ಕಿಟಕಿಯ ಅಂಚಿಗೆಲ್ಲ ಟೇಪು ಹಚ್ಚಿದಳು, ಅಷ್ಟು ಅಚ್ಚುಕಟ್ಟಾಗಿ ಅವಳು ಮನೆ ಸಾರಿಸಿದ್ದನ್ನೂ ನಾನು ಕಂಡಿಲ್ಲ. ಅಕ್ಕ ಬಾಗಿಲಾಚೆ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕಾಲು ಚಾಚಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದಳು. ಬಾಗಿಲು ಹಾಕಿಕೊಂಡಿತು.

ಮಹಡಿಯ ಓಣಿಯ ತುಂಬ ಜನ. ಕೆಲವರು ಅಂಗಡಿಯನ್ನು ಹಾಗೇ ಬಿಟ್ಟು ಬಂದಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ದೇವರೇ, ಎಂಥ ಗೊರಕೆ! ಯಂತ್ರದ ಸದ್ದನ್ನೂ ಮೀರಿಸುತ್ತಿತ್ತು. ಬಟನ್ ಮಾರುವವಳು ಕಿಸಕ್ಕೆಂದು ನಕ್ಕಳು. ಜನ ಕೂತರು, ಯಾರೋ ಕಲ್ಲಂಗಡಿ ಕೊಯ್ದು ಹಂಚಿದರು. ಹಬ್ಬದ ಹಾಗಾಯಿತು.

ಆಮೇಲೆ ಗೊರಕೆ ನಿಂತಿತು.

ಕಲ್ಲಂಗಡಿ ಹಿಡಿದ ಕೈಗಳು ಹಾಗೇ ನಿಂತವು. ಎಲ್ಲರೂ ಕಿವಿ ಕೊಟ್ಟರು. ಫ್ಯಾನಿನ ಸದ್ದು, ಯಂತ್ರದ ಸದ್ದು, ಮತ್ತೇನಿಲ್ಲ. "ಮುಗೀತು" ಅಂದ ವಾಚಿನವನು, ಈ ಸಲ ಹಲ್ಲು ಕಿರಿಯದೆ. ಹ್ವಾಜಾಳ ಮುಖ ಬಿಳಚಿಕೊಂಡಿತು. ಬಾಯಿ ಜೋರಿನ ಹೆಂಗಸೇ ಹೊರತು ಕೆಟ್ಟವಳಲ್ಲ ಅವಳು. "ತೆಗೀರಿ, ಬಾಗಿಲು ತೆಗೀರಿ, ನನ್ನ ಕೋಣೇಲಿ ಸಾಯೋದು ಬೇಡ" ಅಂತ ಗಂಡನ ಅಂಗಿ ಹಿಡಿದು ಎಳೆಯುತ್ತಿದ್ದಳು. ನಾನು ಬಾಗಿಲಿಗೆ ಕೈ ಹಾಕಿದ್ದೆ, ತೆಗೆದರೆ ಅವಳು ಸೋತ ಹಾಗೆ, ತೆಗೆಯದಿದ್ದರೆ ಏನೋ ಎಂತೋ.

ಅಷ್ಟರಲ್ಲಿ ಮೆಟ್ಟಿಲ ಕಡೆಯ ಜನ ಸರಿದು ದಾರಿ ಬಿಟ್ಟರು. ಚೊಂಗ್ಸೊಂಗ್ ಅಜ್ಜಿ. ಮಡಚಿದ ಕೊಡೆಯನ್ನು ಊರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಆ ಬಿಸಿಲಲ್ಲಿ ಮನೆಯಿಂದ ನಡೆದುಕೊಂಡು ಬಂದಿದ್ದಳು. ಸೊಸೆ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಕೇರಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಹೆಂಗಸರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತಂತೆ.

"ಅಜ್ಜಿ, ನೀವಾದ್ರೂ ಹೇಳಿ" ಅಂದಳು ಹ್ವಾಜಾ, ಅಳುವ ದನಿಯಲ್ಲಿ. "ನಿಮ್ಮ ಮಗನ್ನ ಕೊಂದಿದ್ದೂ ಅಲ್ಲದೆ ಈಗ ತಾನೂ ಹೋಗ್ತಿದಾಳೆ."

"ಬಾಯಿ ಮುಚ್ಚು" ಅಂದಳು ಅಜ್ಜಿ.

ಬಾಗಿಲ ಮುಂದೆ ಬಂದು ಕೊಡೆಯ ಹಿಡಿಯಿಂದ ಕುಟ್ಟಿದಳು. "ಬೋರಾಳ ಅಮ್ಮ! ಏಳು. ಏಳೇ! ಈ ಜನಕ್ಕೆ ತೋರಿಸೋಕೆ ನೀನು ಹೀಗೆ ಮಲಗೋದು ಬೇಡ. ನಾನು ಹೇಳ್ತೀನಿ."

ಅಜ್ಜಿ ನಮ್ಮ ಕಡೆ ತಿರುಗಿದಳು. ಕೆನ್ನೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನನ್ನ ಗಂಡ ಯುದ್ಧದಲ್ಲಿ ಸಾಯಲಿಲ್ಲ. ಯುದ್ಧದಿಂದ ಒಂದು ಗೀರೂ ಇಲ್ಲದೆ ವಾಪಸ್ ಬಂದ್ರು. ದೊಕ್ಸು ಆಗ ನಾಲ್ಕು ವರ್ಷದ ಕೂಸು. ಚಳಿಗಾಲ. ಮಧ್ಯಾಹ್ನ ಉಂಡು, ಒಲೆಯ ಕಾವಿಗೆ ಬಿಸಿಯಾದ ನೆಲದ ಮೇಲೆ ಮಲಗಿದ್ರು. ಏಳಲಿಲ್ಲ. ದೊಕ್ಸು ಹೋದನಲ್ಲ, ಹಾಗೇ. ಅದೇ ಮುಖ, ಅದೇ ತಣ್ಣಗಿನ ಮೈ. ನಮ್ಮೂರಿಗೆ ಆಗ ಕರೆಂಟಿನ ಕಂಬವೇ ಬಂದಿರಲಿಲ್ಲ. ಯಾವ ಫ್ಯಾನು ಕೊಂದಿತು ಅವರನ್ನ? ಹೇಳ್ರೋ, ಯಾವ ಫ್ಯಾನು?"

ತಾಕ್ ಕಾಲ ಬೆರಳು ನೋಡಿಕೊಂಡು ನಿಂತಿದ್ದ.

ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು, ಕೆನ್ನೆಯ ಮೇಲೆ ಚಾಪೆಯ ಗೆರೆಗಳು, ಕೆದರಿದ ಕೂದಲು. ಬದುಕಿದ್ದಾಳೆ ಅಂತ ಯಾರೂ ಕೂಗಲಿಲ್ಲ. ಗೂಡು ಅವಳಿಗೆ ಉಳಿಯಿತು ಅನ್ನುವುದು ಆ ಗಳಿಗೆಯಲ್ಲಿ ನನಗೂ ನೆನಪಾಗಲಿಲ್ಲ. ಅವಳು ಅತ್ತೆಯನ್ನು ನೋಡುತ್ತಾ ಹೊಸ್ತಿಲಲ್ಲೇ ನಿಂತಿದ್ದಳು.

"ಪ್ರತಿ ವರ್ಷ ನಾನೇ ಅಡುಗೆ ಮಾಡಿ ಮಾವನಿಗೆ ಎಡೆ ಇಡ್ತೀನಿ" ಅಂದಳು. ದನಿ ಏರಿಸಲಿಲ್ಲ. "ಒಂದು ವರ್ಷವಾದ್ರೂ ಹೇಳಬಹುದಿತ್ತಲ್ಲ ಅತ್ತೆ."

"ಏನಂತ ಹೇಳ್ಲಿ? ನಮ್ಮ ಮನೆಯೋರು ಮಲಗಿದಲ್ಲೇ ಹೋಗ್ತಾರೆ ಅಂತ್ಲಾ? ನಿನ್ನ ಹೊಟ್ಟೇಲಿ ಮಗು ಇತ್ತು. ರಕ್ತದಲ್ಲೇ ಇದೆ ಅಂತ ಊರಿಗೆ ಗೊತ್ತಾಗಿದ್ರೆ ಆ ಮಗೂನ ಯಾರು ಮನೆ ತುಂಬಿಸ್ಕೋತಿದ್ರು? ಫ್ಯಾನಿನ ಮೇಲೆ ಹಾಕಿದೆ. ಅದಕ್ಕೆ ಹೇಳೋರು ಕೇಳೋರು ಯಾರೂ ಇರಲಿಲ್ಲ."

"ನನಗೂ ಇರಲಿಲ್ಲ" ಅಂದಳು ಅಕ್ಕ.

ಅಜ್ಜಿ ಕೊಡೆಯನ್ನು ಗೋಡೆಗೆ ಒರಗಿಸಿದಳು. ನೆಲದಲ್ಲಿ ಕೂತು, ಒಂದೊಂದೇ ರಬ್ಬರು ಚಪ್ಪಲಿ ಕಳಚಿ, ಸೊಸೆಯ ಚಪ್ಪಲಿಯ ಪಕ್ಕ ಇಟ್ಟಳು. ಆಮೇಲೆ ಗೋಡೆ ಹಿಡಿದು ಎದ್ದು, ಹೊಸ್ತಿಲು ದಾಟಿ ಆ ಕೋಣೆಯೊಳಗೆ ಹೋದಳು. ಎರಡೂ ಫ್ಯಾನು ಓಡುತ್ತಲೇ ಇದ್ದವು. ಅಜ್ಜಿ ಗೋಡೆಯ ಮೂಲೆಯಲ್ಲಿ, ಬರೀ ನೆಲದ ಮೇಲೆ, ಮೈ ಮುದುರಿಕೊಂಡು ಮಲಗಿದಳು.

ಅಕ್ಕ ಹೊರಗೆ ನಡೆದುಬಿಡುತ್ತಾಳೆ ಅಂತ ಅಂದುಕೊಂಡೆ. ನಡೆದಿದ್ದರೂ ನಾನು ತಪ್ಪು ಅನ್ನುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಮಾತನ್ನು ಹೊತ್ತವಳು ಅವಳು, ನಾವಲ್ಲ. ಕ್ಷಮಿಸು ಅಂತ ಅಜ್ಜಿ ಕೇಳಲಿಲ್ಲ, ಕ್ಷಮಿಸಿದೆ ಅಂತ ಇವಳೂ ಹೇಳಲಿಲ್ಲ.

"ನಾಳೆ ಬೆಳಿಗ್ಗೆ ಪೊಹಾಂಗಿಗೆ ಹೋಗ್ಬೇಕು" ಅಂದಳು ಕೊನೆಗೆ. "ಬೋರಾಳ ಹೃದಯಾನ ಡಾಕ್ಟರಿಗೆ ತೋರಿಸ್ಬೇಕು. ನೀವೂ ಬರ್ತೀರಿ. ಅಲ್ಲಿ ಇದೇ ಮಾತು ನಿಮ್ಮ ಬಾಯಿಂದಲೇ ಹೇಳ್ತೀರಿ."

"ಬರ್ತೀನಿ" ಅಂತು ಮೂಲೆಯ ದನಿ.

ಅಕ್ಕ ಒಳಗೆ ಹೋದಳು. ಟೇಬಲ್ ಫ್ಯಾನಿನ ಮುಖ ತಿರುಗಿಸಿದಳು, ಚಾಪೆಯನ್ನು ಸ್ವಲ್ಪ ಎಳೆದಳು.

"ಅಲ್ಲಿ ಬೇಡ ಅತ್ತೆ, ಅಲ್ಲಿಗೆ ಗಾಳಿ ಬರಲ್ಲ. ಈ ಕಡೆ ಬನ್ನಿ."

ಹ್ವಾಜಾ ನನ್ನ ಹಿಂದಿನಿಂದ ಪಿಸುಗುಟ್ಟಿದಳು, "ಅಯ್ಯೋ, ಇಬ್ಬರೂ ಹೋಗ್ತಾರೆ ಕಣೇ, ಬಾಗಿಲಾದ್ರೂ ತೆಗೆದಿಡು." ನಾನು ಬಾಗಿಲನ್ನು ಎಳೆದು ಭದ್ರವಾಗಿ ಹಾಕಿದೆ. ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಕಟ್ಟಿಕೊಂಡು, ಓಣಿಯ ಅಷ್ಟೂ ಜನರಿಗೆ ಎದುರಾಗಿ ನಿಂತುಕೊಂಡೆ.